ಬಿಸಿನೀರಿನ ದ್ವೀಪದ ಕಾವಲುಗಾರರು

ಮುಂಜಾನೆ ಹಂಡೆಗೆ ಉರಿ ಹಾಕಿ, ನೀರು ಕಾದ ಮೇಲೆ ಸ್ನಾನ ಮಾಡುವುದು ನಮ್ಮ ಮನೆಗಳಲ್ಲಿ ಬಹು ಕಾಲದಿಂದ ನಡೆದುಬಂದ ಪದ್ಧತಿ. ಅನೇಕ ಮನೆಗಳಲ್ಲಿ ಈಗ ಹಂಡೆ ಹೋಗಿ ಬಾಯ್ಲರು ಬಂದಿರಬಹುದು, ಸೌದೆ ಹೋಗಿ ವಿದ್ಯುತ್ತು ಬಂದಿರಬಹುದು. ಆದರೂ ನೀರು ಕಾಯಬೇಕಾದರೆ ಯಾರಾದರೊಬ್ಬರು ಅದರ ಕೆಳಗೆ ಉರಿ ಹಾಕಲೇಬೇಕು ಎಂಬ ನಿಯಮ ಮಾತ್ರ ಬದಲಾಗಿಲ್ಲ. ಹೀಗಿರುವಲ್ಲಿ, ಯಾರೂ ಉರಿ ಹಾಕದೆ, ಹಗಲೂ ಇರುಳೂ, ಮಳೆಗಾಲದಲ್ಲೂ ಚಳಿಗಾಲದಲ್ಲೂ ನೆಲದೊಳಗಿಂದ ತಾನಾಗಿಯೇ ಬಿಸಿನೀರು ಉಕ್ಕಿ ಬರುವುದನ್ನು ಕಂಡ ಮನುಷ್ಯನಿಗೆ ಆಶ್ಚರ್ಯವೂ ಭಕ್ತಿಯೂ ಒಟ್ಟಿಗೆ ಹುಟ್ಟಿದುದು ಸಹಜವೇ. ಹಿಮಾಲಯದ ಬದರಿಯಲ್ಲಿ ತಪ್ತಕುಂಡವಿದೆ. ನಮ್ಮ ದಕ್ಷಿಣ ಕನ್ನಡದ ಪುತ್ತೂರಿನ ಕಡೆಯಲ್ಲಿ ಬೆಂದ್ರ್ ತೀರ್ಥವಿದೆ. ಇಂಥ ಬುಗ್ಗೆಗಳು ಭೂಮಿಯ ಎಲ್ಲ ಖಂಡಗಳಲ್ಲಿಯೂ ಹರಡಿಕೊಂಡಿವೆ.

ನಾನು ಇಂದು ನಿಮಗೆ ಹೇಳಬೇಕೆಂದಿರುವುದು ಇವುಗಳಲ್ಲಿ ಬಹಳ ದೂರದ ಒಂದನ್ನು ಕುರಿತು. ಅದು ಕೆನಡಾ ದೇಶದ ಪಶ್ಚಿಮ ತೀರದಾಚೆ, ಶಾಂತಸಾಗರದಲ್ಲಿರುವ ಒಂದು ಪುಟ್ಟ ದ್ವೀಪ. ರಸ್ತೆಯಿಲ್ಲ, ಊರಿಲ್ಲ, ಅಂಗಡಿಯಿಲ್ಲ. ಆ ದ್ವೀಪವನ್ನೂ ಅದರ ಸುತ್ತಲಿನ ಕಾಡನ್ನೂ ಕಡಲನ್ನೂ ಉಳಿಸಿಕೊಳ್ಳುವುದಕ್ಕಾಗಿ ಅಲ್ಲಿನ ಜನ ಬಹಳ ಕಷ್ಟಪಟ್ಟರು. ಹಿರಿಯರು ಬಂಧನಕ್ಕೂ ಒಳಗಾದರು. ಕೊನೆಗೆ ಅದು ಉಳಿಯಿತು. ಉಳಿದು ನೆಮ್ಮದಿಯಾಗಿದೆ ಎನ್ನುವ ಹೊತ್ತಿಗೆ, ಒಂದು ರಾತ್ರಿ ಬಿಸಿನೀರೇ ಮಾಯವಾಯಿತು. ಆಗ ಆ ಜನ ಏನು ಮಾಡಿದರು? ಅದರಿಂದ ನಾವು ತಿಳಿಯಬೇಕಾದ ಒಂದು ಸಂಗತಿ ಇದೆ ಎಂದು ನನಗೆ ತೋರುತ್ತದೆ.

ಮೊದಲು ಸ್ಥಳದ ಪರಿಚಯ ಮಾಡಿಕೊಳ್ಳೋಣ. ಕೆನಡಾದ ಪಶ್ಚಿಮ ತುದಿಯ ಪ್ರಾಂತಕ್ಕೆ ಬ್ರಿಟಿಷ್ ಕೊಲಂಬಿಯ ಎಂದು ಹೆಸರು. ಅದರ ಉತ್ತರಭಾಗದ ತೀರದಿಂದ ಹೊರಟು ಹೆಕಟಿ ಜಲಸಂಧಿ ಎಂಬ ಒರಟು ಕಡಲನ್ನು ದಾಟಿದರೆ ಒಂದು ದ್ವೀಪಸ್ತೋಮ ಸಿಗುತ್ತದೆ. ದೊಡ್ಡ ದ್ವೀಪಗಳು ಎರಡು: ಉತ್ತರದಲ್ಲಿ ಗ್ರೇಹಂ, ದಕ್ಷಿಣದಲ್ಲಿ ಮೊರೆಸ್ಬಿ. ಚಿಕ್ಕವನ್ನೂ ಸೇರಿಸಿದರೆ ನೂರೈವತ್ತಕ್ಕೂ ಹೆಚ್ಚು. 1787ರಲ್ಲಿ ಅಲ್ಲಿಗೆ ಬಂದ ಜಾರ್ಜ್ ಡಿಕ್ಸನ್ ಎಂಬ ಆಂಗ್ಲ ನಾವಿಕ ತನ್ನ ಹಡಗಿನ ಹೆಸರನ್ನೇ ಈ ದ್ವೀಪಗಳಿಗೆ ಇಟ್ಟು ಹೋದ. ಹಡಗಿನ ಹೆಸರು ಕ್ವೀನ್ ಷಾರ್ಲಟ್. ಅಲ್ಲಿ ಸಾವಿರಾರು ವರ್ಷಗಳಿಂದ ವಾಸವಾಗಿದ್ದ ಹೈಡಾ ಜನರನ್ನು ನಿಮ್ಮ ನಾಡಿನ ಹೆಸರೇನು ಎಂದು ಕೇಳುವ ಪದ್ಧತಿ ಆಗ ಇರಲಿಲ್ಲ. ಆ ಜನರು ತಮ್ಮ ನಾಡಿಗೆ ಈಗ ಹೇಳುವ ಹೆಸರು ಹೈಡಾ ಗ್ವಾಯ್. ಹಾಗೆಂದರೆ ‘ಜನರ ದ್ವೀಪಗಳು’ ಎಂದರ್ಥ. 2010ರಲ್ಲಿ ಕಾನೂನಿನ ಮೂಲಕ ಹಳೆಯ ಹೆಸರನ್ನು ಬಿಟ್ಟು ಈ ಹೆಸರನ್ನೇ ಸ್ಥಿರಪಡಿಸಲಾಯಿತು.

ಈ ದ್ವೀಪಗಳ ದಕ್ಷಿಣಭಾಗಕ್ಕೆ ಗ್ವಾಯ್ ಹಾನಸ್ ಎಂದು ಹೆಸರು. ‘ಚೆಲುವಿನ ದ್ವೀಪಗಳು’ ಎಂದು ಅದರ ಅರ್ಥ. ಇದೇ ಈಗ ಸಂರಕ್ಷಿತ ಪ್ರದೇಶ. ನೆಲ ಸುಮಾರು 1,470 ಚದರ ಕಿಲೋಮೀಟರು, ಕಡಲು ಸುಮಾರು 3,400 ಚದರ ಕಿಲೋಮೀಟರು. ಇಷ್ಟು ವಿಸ್ತಾರದಲ್ಲಿ ಒಂದು ರಸ್ತೆಯೂ ಇಲ್ಲ. ಹೋಗಬೇಕಾದವರು ದೋಣಿಯಲ್ಲಿ ಹೋಗಬೇಕು, ಇಲ್ಲವೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನದಲ್ಲಿ ಹೋಗಬೇಕು. ಸಾಗರದ ಮೋಡಗಳು ಬಂದು ಬೆಟ್ಟಕ್ಕೆ ತಾಕಿ ವರ್ಷದ ಬಹುಭಾಗ ಮಳೆ ಸುರಿಸುತ್ತಲೇ ಇರುತ್ತವೆ. ಆ ಮಳೆಯಲ್ಲಿ ಬೆಳೆದ ದೇವದಾರು ಜಾತಿಯ ಮರಗಳಲ್ಲಿ ಸಾವಿರ ವರ್ಷ ಕಂಡವೂ ಉಂಟು. ಮರದ ಬುಡ, ಬಿದ್ದ ಕೊರಡು, ಬಂಡೆ, ಎಲ್ಲದರ ಮೇಲೂ ದಪ್ಪನಾದ ಪಾಚಿಯ ಹೊದಿಕೆ. ಬೆಟ್ಟದಿಂದಿಳಿದ ಹೊಳೆಗೆ ಕಡಲಿನಿಂದ ಸಾಲ್ಮನ್ ಮೀನು ಹತ್ತಿ ಬರುತ್ತದೆ. ಅದನ್ನು ತಿನ್ನಲು ಕರಡಿ ಕಾಡಿನಿಂದ ಇಳಿದು ಬರುತ್ತದೆ. ಕಾಡು ಎಲ್ಲಿ ಮುಗಿಯಿತು, ಕಡಲು ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಅಲ್ಲಿ ಸುಲಭವಲ್ಲ.

ಈ ಪ್ರದೇಶದ ನಡುವೆ, ಲಯಲ್ ಎಂಬ ದೊಡ್ಡ ದ್ವೀಪಕ್ಕೆ ದಕ್ಷಿಣದಲ್ಲಿ, ನಾನು ಹೇಳಿದ ಬಿಸಿನೀರಿನ ದ್ವೀಪವಿದೆ. ಹೈಡಾ ಭಾಷೆಯಲ್ಲಿ ಅದರ ಹೆಸರು ಗಾಂಡ್ಲ್ ಕಿನ್ ಗ್ವಾಯ್‌ಯಾಯ್. ಬಿಸಿನೀರಿನ ದ್ವೀಪ ಎಂದೇ ಅದರ ಅರ್ಥ. ಕಡಲಂಚಿನ ಬಂಡೆಗಳ ಸಂದಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಡೆ ಬಿಸಿನೀರು ಒಸರುತ್ತಿತ್ತು. ಕೆಲವು ಕಡೆ ಹಿತವಾದ ಬೆಚ್ಚಗೆ, ಕೆಲವು ಕಡೆ ಕೈ ಇಡಲಾರದಷ್ಟು ಬಿಸಿ. ಬಂಡೆಗಳ ನಡುವೆ ನೀರು ನಿಲ್ಲುವಂತೆ ಮಾಡಿದ ಕೊಳಗಳಲ್ಲಿ ಕುಳಿತರೆ ಎದುರಿಗೆ ಹುಆನ್ ಪೆರೆಸ್ ಕೊಲ್ಲಿ, ಅದರಾಚೆ ಮಂಜು ಮುಸುಕಿದ ಮೊರೆಸ್ಬಿಯ ಬೆಟ್ಟಗಳ ಸಾಲು. 1774ರಲ್ಲಿ ಈ ದ್ವೀಪಗಳನ್ನು ಕಂಡ ಮೊದಲ ಯೂರೋಪಿಯನ್ ನಾವಿಕನ ಹೆಸರೇ ಆ ಕೊಲ್ಲಿಗೆ ಉಳಿದಿದೆ. ಹೈಡಾ ಜನರಿಗಾದರೋ ಈ ನೀರು ತಲೆಮಾರುಗಳಿಂದ ಪರಿಚಿತ. ಮೈಕೈ ನೋವಿಗೆ, ದಣಿವಿಗೆ, ಮನಸ್ಸಿನ ಶಾಂತಿಗೆ ಅವರು ಇಲ್ಲಿಗೆ ಬರುತ್ತಿದ್ದರು.

ಈ ನೀರು ಬಿಸಿಯಾಗುವುದು ಹೇಗೆ ಎಂದು ನೀವು ಕೇಳಬಹುದು. ಬಿಸಿನೀರು ಎಂದೊಡನೆ ಜ್ವಾಲಾಮುಖಿಯನ್ನು ನೆನೆಯುವುದು ವಾಡಿಕೆ. ಆದರೆ ಅದು ಎಲ್ಲ ಕಡೆಗೂ ಬೇಕಾದುದಲ್ಲ. ಭೂಮಿಯ ಒಳಕ್ಕೆ ಇಳಿದ ಹಾಗೆಲ್ಲ ಶಾಖ ಹೆಚ್ಚುತ್ತ ಹೋಗುತ್ತದೆ. ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಂಟಿಗ್ರೇಡಿನಷ್ಟು. ಬೆಟ್ಟದ ಮೇಲೆ ಸುರಿದ ಮಳೆಯ ನೀರು ಕಲ್ಲಿನ ಬಿರುಕುಗಳಲ್ಲಿ ಇಂಗಿ ಬಹಳ ಆಳಕ್ಕೆ ಇಳಿಯುತ್ತದೆ. ಅಲ್ಲಿ ಕಾಯುತ್ತದೆ. ಮೇಲಕ್ಕೆ ಬರಲು ನೇರವಾದ ಬಿರುಕು ಸಿಕ್ಕಿದರೆ, ಆರಿ ತಣ್ಣಗಾಗುವ ಮೊದಲೇ ಬೇಗನೆ ಮೇಲೆದ್ದು ಬುಗ್ಗೆಯಾಗುತ್ತದೆ. ಆದುದರಿಂದ ಬಿಸಿನೀರಿನ ಬುಗ್ಗೆಗೆ ಮೂರು ಬೇಕು: ಮಳೆ, ಆಳದ ಶಾಖ, ಒಳಗಿನ ದಾರಿ. ಮೂರರಲ್ಲಿ ಒಂದು ತಪ್ಪಿದರೂ ಬುಗ್ಗೆ ಇಲ್ಲ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟಿರಿ, ಮುಂದೆ ಬೇಕಾಗುತ್ತದೆ.

ಈಗ ಜನರ ಕಡೆಗೆ ಬರೋಣ. ಹೈಡಾ ಜನ ಸಮುದ್ರಯಾನದಲ್ಲಿ ನಿಪುಣರು. ದೇವದಾರು ಮರದ ಒಂದೇ ಕಾಂಡವನ್ನು ಕೊರೆದು ಉದ್ದನೆಯ ದೋಣಿ ಮಾಡುವರು. ಅದೇ ಮರದ ಹಲಗೆಗಳಿಂದ ದೊಡ್ಡ ಮನೆಗಳನ್ನು ಕಟ್ಟುವರು. ಮನೆಯ ಮುಂದೆ ಎತ್ತರವಾದ ಕಂಬವನ್ನು ನಿಲ್ಲಿಸಿ ಅದರ ಮೇಲೆ ತಮ್ಮ ವಂಶದ ಕಥೆಯನ್ನು ಹೇಳುವ ಹದ್ದು, ಕಾಗೆ, ಕರಡಿ, ತಿಮಿಂಗಿಲಗಳನ್ನು ಕೆತ್ತುವರು. ಕಂಬದ ತುದಿಯಲ್ಲಿ ಅನೇಕ ವೇಳೆ ಎತ್ತರದ ಟೋಪಿ ತೊಟ್ಟ ಮೂರು ಮನುಷ್ಯಾಕೃತಿಗಳು ಕುಳಿತಿರುತ್ತವೆ. ಇವರು ಕಾವಲುಗಾರರು. ಕಡಲಿನ ಕಡೆಯಿಂದಲೋ ಕಾಡಿನ ಕಡೆಯಿಂದಲೋ ಅಪಾಯ ಬರುವುದಾದರೆ ಒಡೆಯನನ್ನು ಎಚ್ಚರಿಸುವುದು ಇವರ ಕೆಲಸ ಎಂಬ ನಂಬಿಕೆ.

ಆದರೆ 1862ರಲ್ಲಿ ಬಂದ ಅಪಾಯವನ್ನು ಯಾವ ಕಾವಲುಗಾರನೂ ತಡೆಯಲಾಗಲಿಲ್ಲ. ಅದು ಸಿಡುಬು. ಬಿಳಿಯರ ಪಟ್ಟಣದಿಂದ ದೋಣಿಗಳಲ್ಲಿ ಊರಿಗೆ ಮರಳಿದವರ ಜೊತೆಗೆ ಬಂದ ಆ ರೋಗ ಊರೂರನ್ನೇ ತೆಗೆದುಕೊಂಡು ಹೋಯಿತು. ಹಲವು ಸಾವಿರ ಇದ್ದ ಜನ ಆ ಶತಮಾನ ಮುಗಿಯುವುದರೊಳಗೆ ಸುಮಾರು 600ಕ್ಕೆ ಇಳಿದರು. ದಕ್ಷಿಣದ ಊರುಗಳನ್ನು ಬಿಟ್ಟು, ಬದುಕಿ ಉಳಿದವರು ಉತ್ತರದ ಎರಡು ಊರುಗಳಲ್ಲಿ ಒಟ್ಟುಗೂಡಿದರು. ಹಿಂದೆ ಬಿಟ್ಟುಬಂದ ಊರುಗಳಲ್ಲಿ ಮನೆಗಳು ಕುಸಿದವು, ತೊಲೆಗಳ ಮೇಲೆ ಪಾಚಿ ಬೆಳೆಯಿತು. ಕಂಬಗಳು ಮಾತ್ರ ಕಡಲನ್ನು ನೋಡುತ್ತ ನಿಂತವು. ನಿಂತ ಕಂಬಗಳನ್ನೂ ಅನೇಕರು ಬಂದು ಕತ್ತರಿಸಿ ವಸ್ತುಸಂಗ್ರಹಾಲಯಗಳಿಗೆ ಸಾಗಿಸಿದರು. ಸಮಾಧಿಗಳನ್ನು ಕೆದಕಿದವರೂ ಇದ್ದರು.

ಇದನ್ನು ನೋಡಲಾರದೆ 1981ರಲ್ಲಿ ಹೈಡಾ ಜನರಲ್ಲಿ ಕೆಲವರು ಒಂದು ನಿರ್ಧಾರಕ್ಕೆ ಬಂದರು. ಕಂಬದ ತುದಿಯ ಕಾವಲುಗಾರರ ಕೆಲಸವನ್ನು ಜೀವಂತ ಮನುಷ್ಯರೇ ಮಾಡಬೇಕು ಎಂದು. ಬೇಸಿಗೆಯ ತಿಂಗಳುಗಳಲ್ಲಿ ಹಳೆಯ ಊರುಗಳಿಗೆ ಹೋಗಿ ಗುಡಿಸಲಿನಲ್ಲಿದ್ದುಕೊಂಡು ಕಾಯತೊಡಗಿದರು. ಮೊದಲು ಇದು ಸ್ವಯಂಸೇವೆಯೇ. ಯಾರೂ ನೇಮಿಸಲಿಲ್ಲ; ಅವರಾಗಿ ಹೋದರು. ಇದೇ ಮುಂದೆ ‘ಹೈಡಾ ಗ್ವಾಯ್ ಕಾವಲುಗಾರರು’ ಎಂಬ ವ್ಯವಸ್ಥೆಯಾಗಿ ಬೆಳೆಯಿತು. ಇಂದು ಅವರು ಕಾಯುವ ತಾಣಗಳು ಐದು. ಅವುಗಳಲ್ಲಿ ನಮ್ಮ ಬಿಸಿನೀರಿನ ದ್ವೀಪವೂ ಒಂದು. ಇನ್ನೊಂದು ದಕ್ಷಿಣದ ತುದಿಯ ಸ್ಗಾಂಗ್ ಗ್ವಾಯ್. ಅಲ್ಲಿ ಹಳೆಯ ಸ್ಮಾರಕ ಕಂಬಗಳು ನೆಟ್ಟ ಜಾಗದಲ್ಲೇ ಇನ್ನೂ ನಿಂತಿವೆ. 1981ರಲ್ಲಿಯೇ ಅದನ್ನು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಕಾವಲು ಹೇಗೆ ನಡೆಯುತ್ತದೆ ಎಂಬುದು ಸ್ವಾರಸ್ಯವಾಗಿದೆ. ಬೇಲಿಯಿಲ್ಲ, ಬಂದೂಕಿಲ್ಲ. ದೋಣಿಯಲ್ಲಿ ಬಂದವರು ತೀರಕ್ಕೆ ಇಳಿಯುವ ಮೊದಲು ರೇಡಿಯೋ ಮೂಲಕ ಕಾವಲುಗಾರರನ್ನು ಕರೆದು, ‘ಬರಬಹುದೆ?’ ಎಂದು ಕೇಳಬೇಕು. ಅವರು ಬನ್ನಿ ಎಂದ ಮೇಲೆಯೇ ಇಳಿಯಬೇಕು. ಒಂದು ಹೊತ್ತಿಗೆ 12 ಜನಕ್ಕಿಂತ ಹೆಚ್ಚು ಮಂದಿ ದಡದಲ್ಲಿರಬಾರದು. ಮೊದಲು ಬಂದವರು ಹೋಗುವ ತನಕ ಉಳಿದವರು ನೀರಿನ ಮೇಲೆಯೇ ಕಾದಿರಬೇಕು. ಹಳೆಯ ಊರುಗಳಲ್ಲಿ ನಡೆಯಬೇಕಾದ ದಾರಿಯ ಎರಡು ಅಂಚಿಗೂ ಬಿಳಿಯ ಚಿಪ್ಪುಗಳನ್ನು ಜೋಡಿಸಿರುತ್ತಾರೆ. ಆ ಚಿಪ್ಪಿನ ಗೆರೆ ದಾಟಬಾರದು. ಇಷ್ಟೇ ಬೇಲಿ. ಯಾರ ಮನೆಗೇ ಹೋಗಲಿ, ಬಾಗಿಲಲ್ಲಿ ನಿಂತು ಕೂಗಿ, ಒಳಗಿನಿಂದ ಬನ್ನಿ ಎಂದ ಮೇಲೆ ಕಾಲಿಡುವುದು ನಮಗೆ ಚಿಕ್ಕಂದಿನಿಂದ ಕಲಿಸಿದ ಮರ್ಯಾದೆಯಲ್ಲವೆ? ಅಲ್ಲಿಯೂ ಅದೇ. ಆ ನೆಲ ಯಾರದೋ ಮನೆ ಎಂಬುದನ್ನು ಬಂದವನಿಗೆ ನೆನಪಿಸುವುದೇ ಆ ಕಾವಲಿನ ಮುಖ್ಯ ಕೆಲಸ.

ಸ್ಗಾಂಗ್ ಗ್ವಾಯ್‌ನ ಕಂಬಗಳ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. ಮರದ ಕಂಬ ಮಳೆಯಲ್ಲಿ ನಿಂತರೆ ಕೊಳೆಯುವುದು ಖಂಡಿತ. ಅವುಗಳನ್ನು ಕಿತ್ತು ಗಾಜಿನ ಮನೆಯೊಳಗಿಟ್ಟರೆ ಬಹು ಕಾಲ ಉಳಿದಾವು ಎಂದು ಹೊರಗಿನವರಿಗೆ ತೋರುತ್ತದೆ. ಹೈಡಾ ಜನರ ನಂಬಿಕೆ ಬೇರೆ. ಕಾಡಿನಿಂದ ಬಂದ ಕಂಬ ತನ್ನ ಕಾಲ ಮುಗಿದ ಮೇಲೆ ಮಣ್ಣಿಗೇ ಮರಳಬೇಕು. ಬಿದ್ದ ಕಂಬದ ಮೇಲೆ ಎಳೆಯ ಗಿಡ ಹುಟ್ಟಿದರೆ ಅದು ನಾಶವಲ್ಲ, ಕಂಬದ ಆಯುಷ್ಯದ ಮುಂದಿನ ಭಾಗ. ಆದ್ದರಿಂದ ಅವು ಬೇಗ ಬೀಳದಂತೆ ಸುತ್ತಲಿನ ಗಿಡಗಂಟಿ ತೆಗೆದು, ವಾಲಿದುದಕ್ಕೆ ಆಸರೆ ಕೊಟ್ಟು ನೋಡಿಕೊಳ್ಳುತ್ತಾರೆಯೇ ಹೊರತು, ಬೀಳುವ ಹಕ್ಕನ್ನು ಅವುಗಳಿಂದ ಕಿತ್ತುಕೊಳ್ಳುವುದಿಲ್ಲ. ಕಾಯುವುದು ಬೇರೆ, ಕಟ್ಟಿಹಾಕುವುದು ಬೇರೆ.

ಆದರೆ ಹಳೆಯ ಊರುಗಳನ್ನು ಮಾತ್ರ ಕಾದರೆ ಸಾಲದು ಎಂಬುದು ಬೇಗನೆ ತಿಳಿಯಿತು. ಮರದ ಕಂಪನಿಗಳು ದ್ವೀಪದಿಂದ ದ್ವೀಪಕ್ಕೆ ಕಾಡು ಕಡಿಯುತ್ತ ದಕ್ಷಿಣಕ್ಕೆ ಬರುತ್ತಿದ್ದವು. 1974ರಿಂದಲೇ ಕೆಲವು ಯುವಕರು ನಕ್ಷೆಯ ಮೇಲೊಂದು ಗೆರೆ ಎಳೆದು, ಇಲ್ಲಿಂದ ಕೆಳಗೆ ಕೊಡಲಿ ಬೀಳಕೂಡದು ಎಂದು ವಾದಿಸುತ್ತಿದ್ದರು. ಅರ್ಜಿಗಳಾದವು, ಸಮಿತಿಗಳಾದವು, ವರದಿಗಳಾದವು. ಅಷ್ಟರಲ್ಲಿ ಮರಗಳೂ ಬೀಳುತ್ತಿದ್ದವು. ಕೊನೆಗೆ 1985ರ ಅಕ್ಟೋಬರ್ ಕೊನೆಯಲ್ಲಿ ಹೈಡಾ ಜನ ಲಯಲ್ ದ್ವೀಪಕ್ಕೆ ಹೋಗಿ ಮರ ಸಾಗಿಸುವ ದಾರಿಗೆ ಅಡ್ಡವಾಗಿ ನಿಂತರು. ಬಿಸಿನೀರಿನ ದ್ವೀಪದಿಂದ ನೋಡಿದರೆ ಕಡಲಿನಾಚೆ ಅದೇ ಲಯಲ್ ದ್ವೀಪ.

ಮೊದಲು ಬಂಧನಕ್ಕೆ ಒಳಗಾದವರು ಮನೆಯ ಹಿರಿಯರು, ಅಜ್ಜ ಅಜ್ಜಿಯರು. ಕಿರಿಯರನ್ನು ಹಿಂದೆ ಸರಿಸಿ ತಾವೇ ಮುಂದೆ ಕುಳಿತರು. ಅವರನ್ನು ಹಿಡಿದುಕೊಂಡು ಹೋಗಬೇಕಾದ ಪೊಲೀಸರಲ್ಲಿ ಹೈಡಾ ಕುಲದವನೇ ಆದ ಒಬ್ಬನೂ ಇದ್ದನು. ಒಟ್ಟು 72 ಮಂದಿ ಬಂಧಿತರಾದರು. ಕೈಯೆತ್ತದೆ, ಹಾಡುತ್ತ, ತಮ್ಮ ವಸ್ತ್ರಗಳನ್ನು ಹೊದ್ದು ಹೋದ ಆ ಮುದುಕರ ಚಿತ್ರಗಳನ್ನು ಕೆನಡಾ ದೇಶದ ಜನ ಮನೆಮನೆಗಳಲ್ಲಿ ನೋಡಿದರು. ಸತ್ಯಾಗ್ರಹವನ್ನು ಕಂಡ ನಾಡಿನವರಾದ ನಮಗೆ ಅದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೇಡಿಯೋ ಕೇಳುವವರಾದ ನಿಮಗೆ ಈ ಸಂದರ್ಭದಲ್ಲಿ ಒಬ್ಬರ ಹೆಸರು ಹೇಳಬೇಕು: ಬಿಲ್ ರೀಡ್. ತಾಯಿ ಹೈಡಾ ಕುಲದವರು. ಅವರು ಮೊದಲು ಕೆನಡಾದ ಬಾನುಲಿ ಸಂಸ್ಥೆಯಲ್ಲಿ ಉದ್ಘೋಷಕರಾಗಿದ್ದವರು, ಒಳ್ಳೆಯ ಕಂಠವುಳ್ಳವರು. ಆಮೇಲೆ ತಾಯಿಯ ಕುಲದ ಕೆತ್ತನೆಯ ಕಲೆಯನ್ನು ಕಲಿತು ಅದರಲ್ಲಿ ಲೋಕಪ್ರಸಿದ್ಧರಾದರು. ವಾಷಿಂಗ್ಟನ್ನಿನ ಕೆನಡಾ ರಾಯಭಾರ ಕಚೇರಿಗಾಗಿ ಒಂದು ಭಾರಿ ಶಿಲ್ಪವನ್ನು ಮಾಡಿಕೊಡುವ ಕೆಲಸ ಅವರ ಕೈಯಲ್ಲಿತ್ತು. ತಮ್ಮ ಜನರ ಕಾಡನ್ನು ಕಡಿಯುತ್ತಿರುವಾಗ ಆ ಜನರ ಕಲೆಯಿಂದ ಸರ್ಕಾರದ ಕಚೇರಿಯನ್ನು ಅಲಂಕರಿಸುವುದು ಸಲ್ಲದೆಂದು 1987ರಲ್ಲಿ ಅವರು ಆ ಕೆಲಸವನ್ನೇ ನಿಲ್ಲಿಸಿಬಿಟ್ಟರು. ಅದೇ ವರ್ಷದ ಜುಲೈ ತಿಂಗಳಲ್ಲಿ, ಅವರ ಮಾರ್ಗದರ್ಶನದಲ್ಲಿ ಕೆತ್ತಿದ್ದ 50 ಅಡಿಯ ದೋಣಿಯಲ್ಲಿ ತರುಣರು ವ್ಯಾಂಕೂವರ್ ನಗರದಿಂದ ಹುಟ್ಟು ಹಾಕುತ್ತ ತಮ್ಮ ದ್ವೀಪಕ್ಕೆ ಬಂದು ಮುಟ್ಟುವ ಹೊತ್ತಿಗೆ, ಕಾಡು ಕಡಿಯುವುದನ್ನು ನಿಲ್ಲಿಸುವ ಒಪ್ಪಂದಕ್ಕೆ ಸಹಿ ಬಿದ್ದಿತ್ತು. 1998ರಲ್ಲಿ ಬಿಲ್ ರೀಡ್ ತೀರಿಕೊಂಡಾಗ ಅವರ ಅಸ್ಥಿಯನ್ನು ಅದೇ ದೋಣಿಯಲ್ಲಿ ಕೊಂಡೊಯ್ದು, ಪೂರ್ವಿಕರ ಊರಾದ ಟಾನೂವಿನಲ್ಲಿ ಭೂಗತ ಮಾಡಿದರು.

ಕಾಡೇನೋ ಉಳಿಯಿತು. ಆದರೆ ಅದು ಯಾರದು? ನಾವು ಇದನ್ನು ಯಾರಿಗೂ ಬರೆದುಕೊಟ್ಟವರಲ್ಲ, ಆದ್ದರಿಂದ ನಮ್ಮದು ಎಂದರು ಹೈಡಾ ಜನ. ಕೆನಡಾದ ಸರ್ಕಾರ, ಇದು ರಾಜ್ಯದ ನೆಲ ಎಂದಿತು. ಸಾಧಾರಣವಾಗಿ ಇಂಥ ವ್ಯಾಜ್ಯ ನ್ಯಾಯಾಲಯದಲ್ಲಿ ತಲೆಮಾರುಗಟ್ಟಲೆ ನಡೆಯುತ್ತದೆ; ವ್ಯಾಜ್ಯ ಮುಗಿಯುವುದರೊಳಗೆ ಆಸ್ತಿಯೇ ಹಾಳಾಗಿರುತ್ತದೆ. ಇದನ್ನು ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರ ಹಿಸ್ಸೆಯ ಜಗಳಗಳಲ್ಲಿ ನೀವು ನೋಡಿಯೇ ಇರುತ್ತೀರಿ. ಇಲ್ಲಿ ಅವರು ಜಾಣತನ ತೋರಿಸಿದರು. 1993ರ ಜನವರಿಯಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಒಂದೇ ಪುಟವನ್ನು ಎರಡು ಕಾಲಂ ಮಾಡಿದರು. ಒಂದರಲ್ಲಿ ಹೈಡಾ ಜನರ ವಾದ, ಇನ್ನೊಂದರಲ್ಲಿ ಸರ್ಕಾರದ ವಾದ. ಒಂದನ್ನೊಂದು ಅಳಿಸಲಿಲ್ಲ. ಅದರ ಕೆಳಗೆ, ಒಡೆತನದ ವಿಷಯದಲ್ಲಿ ನಮಗೆ ಭಿನ್ನಾಭಿಪ್ರಾಯವಿದ್ದರೂ ಇದನ್ನು ಕಾಪಾಡಬೇಕೆಂಬುದರಲ್ಲಿ ನಮ್ಮಿಬ್ಬರದೂ ಒಂದೇ ಅಭಿಪ್ರಾಯ ಎಂಬ ಧೋರಣೆಯಲ್ಲಿ ಮುಂದುವರಿದರು. ಎರಡು ಕಡೆಯಿಂದಲೂ ಸಮಸಂಖ್ಯೆಯ ಸದಸ್ಯರಿರುವ ಒಂದು ಮಂಡಳಿ ಆಡಳಿತ ನಡೆಸುತ್ತದೆ. ಅಲ್ಲಿ ತೀರ್ಮಾನಗಳು ಒಮ್ಮತದಿಂದ ಆಗಬೇಕು. 2010ರಲ್ಲಿ ಸುತ್ತಲಿನ ಕಡಲೂ ಈ ರಕ್ಷಣೆಯೊಳಗೆ ಬಂದಿತು. ಒಡೆತನದ ಪ್ರಶ್ನೆಗೂ ಕಾಲ ಬಂದಿತು: 2024ರಲ್ಲಿ ಪ್ರಾಂತ ಸರ್ಕಾರವೂ 2025ರಲ್ಲಿ ಕೇಂದ್ರ ಸರ್ಕಾರವೂ ಹೈಡಾ ಗ್ವಾಯ್‌ನ ಮೇಲೆ ಹೈಡಾ ಜನರ ಮೂಲ ಹಕ್ಕನ್ನು ಒಪ್ಪಿ ಒಪ್ಪಂದಗಳಿಗೆ ಸಹಿ ಹಾಕಿದವು. ಒಡೆತನ ತೀರ್ಮಾನವಾಗುವ ತನಕ ಮೂವತ್ತು ವರ್ಷ ಕಾಡನ್ನು ಕಾಯಿಸಲಿಲ್ಲ. ಮೊದಲು ಕಾಡನ್ನು ಕಾಯ್ದರು. ಇದು ಗಮನಿಸಬೇಕಾದ ವಿಷಯ.

ಈಗ 2012ಕ್ಕೆ ಬರೋಣ. ಆ ವರ್ಷದ ಅಕ್ಟೋಬರ್ 27, ಶನಿವಾರ, ರಾತ್ರಿ ಎಂಟು ಗಂಟೆಯ ಸುಮಾರು. ಬೇಸಿಗೆಯ ಯಾತ್ರಿಕರು ಹೋಗಿಯಾಗಿತ್ತು. ಮೊರೆಸ್ಬಿ ದ್ವೀಪದ ಪಶ್ಚಿಮ ಅಂಚಿನಲ್ಲಿ ಭೂಮಿ ನಡುಗಿತು. ಪ್ರಮಾಣ ಸುಮಾರು 7.8. ಆ ಭಾಗಕ್ಕೆ ಭೂಕಂಪ ಹೊಸದಲ್ಲ. 1949ರಲ್ಲಿ ಇದಕ್ಕಿಂತ ದೊಡ್ಡದಾದ 8.1 ಪ್ರಮಾಣದ ಕಂಪನ ಆಗಿತ್ತು. ಕಾರಣವೇನೆಂದರೆ, ಈ ದ್ವೀಪಗಳ ಪಕ್ಕದಲ್ಲಿಯೇ ಭೂಮಿಯ ಹೊರಪದರದ ಎರಡು ಭಾರಿ ಫಲಕಗಳು ಒಂದನ್ನೊಂದು ಉಜ್ಜಿಕೊಂಡು ವರ್ಷಕ್ಕೆ ಸುಮಾರು 2 ಅಂಗುಲದಂತೆ ಸರಿಯುತ್ತಿವೆ. ಹಾಗೆ ಸರಿಯಲಾಗದೆ ಸಿಕ್ಕಿಹಾಕಿಕೊಂಡ ಜಾಗ ಒಮ್ಮೆಗೇ ಬಿಡಿಸಿಕೊಂಡಾಗ ಭೂಕಂಪ. 2012ರ ಕಂಪನದಲ್ಲಿ ದ್ವೀಪಗಳ ಜನ ಎತ್ತರದ ಜಾಗಗಳಿಗೆ ಓಡಿದರು. ಕಡಲು ಉಕ್ಕುವ ಎಚ್ಚರಿಕೆ ಹವಾಯಿ ದ್ವೀಪಗಳ ತನಕ ಹೋಯಿತು. ಪುಣ್ಯವಶಾತ್ ಹೈಡಾ ಗ್ವಾಯ್‌ನಲ್ಲಿ ಯಾರ ಪ್ರಾಣಕ್ಕೂ ಹಾನಿಯಾಗಲಿಲ್ಲ. ದೊಡ್ಡ ಗಂಡಾಂತರ ಕಳೆಯಿತು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು.

ಕೆಲವು ದಿನಗಳ ಮೇಲೆ ಬಿಸಿನೀರಿನ ದ್ವೀಪಕ್ಕೆ ಹೋಗಿ ನೋಡಿದವರಿಗೆ ಬಿಸಿನೀರು ಕಾಣಲಿಲ್ಲ. ಹಬೆಯಿಲ್ಲ. ಕೊಳಗಳು ಒಣಗಿದ್ದವು. ಮುಟ್ಟಿದರೆ ಸುಡುತ್ತಿದ್ದ ಬಂಡೆಗಳು ತಣ್ಣಗಿದ್ದವು. ಇಪ್ಪತ್ತಕ್ಕೂ ಹೆಚ್ಚು ಒಸರುಗಳಲ್ಲಿ ಒಂದಾದರೂ ಉಳಿದಿರಲಿಲ್ಲ.

ಆಳದ ಒಲೆ ಆರಿರಲಿಲ್ಲ. ಮಳೆಯೂ ನಿಂತಿರಲಿಲ್ಲ. ಹಿಂದೆ ಹೇಳಿದ ಮೂರರಲ್ಲಿ ಮೂರನೆಯದು, ಒಳಗಿನ ದಾರಿ, ತಪ್ಪಿಹೋಗಿತ್ತು. ನೆಲ ಅಲುಗಿದಾಗ ಕಲ್ಲಿನೊಳಗಿನ ಬಿರುಕುಗಳು ಕೆಲವು ಅಗಲವಾಗುತ್ತವೆ, ಕೆಲವು ಮುಚ್ಚಿಕೊಳ್ಳುತ್ತವೆ. ನೀರನ್ನು ಮೇಲಕ್ಕೆ ತಳ್ಳುತ್ತಿದ್ದ ಒತ್ತಡ ಇಳಿದುಹೋಗುತ್ತದೆ. ಜಗತ್ತಿನ ಅನೇಕ ಕಡೆಗಳಲ್ಲಿ ಭೂಕಂಪದ ತರುವಾಯ ಹಳೆಯ ಬುಗ್ಗೆ ಬತ್ತಿದ್ದೂ ಹೊಸ ಬುಗ್ಗೆ ಹುಟ್ಟಿದ್ದೂ ಉಂಟು. ಹಾಗೆಂದು ಒಣಗಿದ ಕೊಳದ ಪಕ್ಕದಲ್ಲಿ ನಿಂತವರಿಗೆ ಈ ವಿಜ್ಞಾನ ಎಷ್ಟು ಸಮಾಧಾನ ಕೊಟ್ಟೀತು? ಮರ ಕಡಿಯುವವರನ್ನು ದಾರಿಗೆ ಅಡ್ಡಲಾಗಿ ಕುಳಿತು ತಡೆದಿದ್ದರು. ಭೂಮಿಯನ್ನು ಯಾರು ತಡೆದಾರು? ಯಾವ ಒಪ್ಪಂದದ ಯಾವ ಕಾಲಂನಲ್ಲಿ ಅದಕ್ಕೆ ಜಾಗವಿದೆ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಂದು ಸ್ಥಳದ ಹೆಸರೇ ಬಿಸಿನೀರಿನ ದ್ವೀಪ. ಅಲ್ಲಿ ಬಿಸಿನೀರೇ ಇಲ್ಲವಾದರೆ ಅದನ್ನು ಇನ್ನೇಕೆ ಕಾಯಬೇಕು? ಪ್ರವಾಸಿಗೆ ಆ ದ್ವೀಪದಲ್ಲಿ ಬೇಕಾಗಿದ್ದುದು ಸ್ನಾನ. ಲಾಭನಷ್ಟದ ಲೆಕ್ಕ ಹಾಕುವವನು ಕಾವಲು ತೆಗೆದು ಬೇರೆ ಕಡೆಗೆ ಹಾಕಿರಿ ಎಂದಾನು. ಕೆಲಸ ಮುಗಿದ ಬೋರ್ಡನ್ನು ಕಿತ್ತ ಹಾಗೆ. ಇನ್ನೊಬ್ಬನು ಯಂತ್ರ ತರಿಸಿ ಕೊರೆದು ನೀರನ್ನು ಮೇಲಕ್ಕೆತ್ತೋಣ ಎಂದಾನು. ನಮ್ಮ ಕಾಲದಲ್ಲಿ ಇವೆರಡೂ ಬುದ್ಧಿವಂತಿಕೆಯ ಮಾತುಗಳೆಂದೇ ನಡೆಯುತ್ತವೆ.

ಅವರು ಎರಡನ್ನೂ ಮಾಡಲಿಲ್ಲ. ಕಾವಲು ತಾಣಗಳ ಪಟ್ಟಿಯಿಂದ ಆ ದ್ವೀಪದ ಹೆಸರನ್ನು ತೆಗೆಯಲಿಲ್ಲ. ನೀರು ತಾನಾಗಿ ಬಂದರೆ ಬರಲಿ ಎಂದು ಕಾದರು. ನೀರು ಹೋದರೂ ಹೋಗದೆ ಉಳಿದುದು ಬಹಳವಿತ್ತು. ಹಿರಿಯರು ಬಂದು ಹೋದ ನೆಲ, ಕಡಲಹಕ್ಕಿ ಗೂಡು ಕಟ್ಟುವ ತೀರ, ಸುತ್ತಲಿನ ಕಾಡು, ಆ ಕಾಡಿಗೆ ಅಡ್ಡನಿಂತ ಅಜ್ಜಿಯರ ನೆನಪು. ಅವರು ಕಾಯುತ್ತಿದ್ದುದು ಸ್ನಾನದ ಕೊಳವೊಂದನ್ನೇ ಅಲ್ಲ ಎಂಬುದು ಕೊಳ ಒಣಗಿದ ಮೇಲೆ ಚೆನ್ನಾಗಿ ತಿಳಿಯಿತು.

ಮರುವರ್ಷ, ಎಂದರೆ 2013ರ ಆಗಸ್ಟ್ ತಿಂಗಳಲ್ಲಿ, 1993ರ ಒಪ್ಪಂದಕ್ಕೆ ಇಪ್ಪತ್ತು ವರ್ಷ ತುಂಬಿದ ನೆನಪಿಗಾಗಿ ಲಯಲ್ ದ್ವೀಪದಲ್ಲಿ 42 ಅಡಿ ಎತ್ತರದ ಹೊಸ ಕಂಬವೊಂದನ್ನು ನಿಲ್ಲಿಸಿದರು. ಗ್ವಾಯ್ ಹಾನಸ್ ಪ್ರದೇಶದಲ್ಲಿ ಅಂಥ ಕಂಬ ಏಳುವುದನ್ನು ಕಂಡು ನೂರ ಮೂವತ್ತು ವರ್ಷಗಳಾಗಿದ್ದವು. ನೂರಾರು ಜನ ಹಗ್ಗ ಹಿಡಿದು ಎಳೆದರು. ಕೆತ್ತಿದವರು ಜೇಲನ್ ಎಡೆನ್‌ಷಾ. ಆ ಕಂಬದಲ್ಲಿ, 1985ರಲ್ಲಿ ಅಡ್ಡನಿಂತವರ ನೆನಪಿಗಾಗಿ ಒಬ್ಬರಿಗೊಬ್ಬರು ಒತ್ತಿ ನಿಂತ ಐವರು ಮನುಷ್ಯರಿದ್ದಾರೆ. ತುದಿಯ ಕಡೆ ಎತ್ತರದ ಟೋಪಿಯ ಕಾವಲುಗಾರರಿದ್ದಾರೆ. ಅವರ ಜೊತೆಗೆ ಇನ್ನೊಬ್ಬನಿದ್ದಾನೆ: ಹೈಡಾ ಜನರ ಪುರಾಣದಲ್ಲಿ ಈ ದ್ವೀಪಗಳನ್ನು ಹೊತ್ತು ನಿಂತಿರುವ ದಿವ್ಯಪುರುಷ. ಅವನು ಅಲುಗಿದರೆ ಭೂಮಿ ನಡುಗುತ್ತದೆಂದು ಅವರ ನಂಬಿಕೆ. ನಮ್ಮಲ್ಲಿ ಆದಿಶೇಷನಿಲ್ಲವೆ, ಹಾಗೆ. ತಮ್ಮ ಬಿಸಿನೀರನ್ನು ಕಸಿದುಕೊಂಡ ಭೂಕಂಪಕ್ಕೂ ತಮ್ಮ ವಿಜಯದ ಕಂಬದಲ್ಲಿಯೇ ಅವರು ಜಾಗ ಕೊಟ್ಟರು. ಅದನ್ನು ಶತ್ರುವೆಂದು ಎಣಿಸಲಿಲ್ಲ. ಮನೆಯಲ್ಲಿರುವ ಒಬ್ಬ ಹಿರಿಯ, ಒಮ್ಮೆ ಮಗ್ಗುಲು ಬದಲಾಯಿಸಿದನೆಂದು ತಿಳಿದರು.

ಇನ್ನು ನೀರಿನ ವಿಷಯ. ಸುಮಾರು ಎರಡು ವರ್ಷಗಳಾದ ಮೇಲೆ ಬಂಡೆಯ ಸಂದಿಗಳಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಉಗುರುಬೆಚ್ಚಗಿನ ನೀರು ತೊಟ್ಟಿಕ್ಕತೊಡಗಿತು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿತು, ಬಿಸಿಯೂ ಏರಿತು. ಹೋದುದು ಒಂದೇ ರಾತ್ರಿಯಲ್ಲಿ; ಬಂದುದು ವರ್ಷಗಳ ಮೇಲೆ. ಒಳಗೆ ಮುಚ್ಚಿದ ದಾರಿ ತೆರೆಯಿತೋ, ನೀರು ಹೊಸ ದಾರಿ ಹಿಡಿಯಿತೋ, ಒಳಗಿನ ಒತ್ತಡ ಮತ್ತೆ ತುಂಬಿಕೊಂಡಿತು. ಕೊಳಗಳಲ್ಲಿ ಮತ್ತೆ ಜನ ಕುಳಿತುಕೊಳ್ಳುವಂತಾಯಿತು. ಇದರಲ್ಲಿ ಮನುಷ್ಯ ಮಾಡಿದ್ದೆಂದರೆ ಒಂದೇ: ಆ ಜಾಗವನ್ನು ಹಾಳುಮಾಡದೆ ಬಿಟ್ಟದ್ದು. ನೀರು ಮರಳಿ ಬರುವ ಹೊತ್ತಿಗೆ ಅದಕ್ಕೆ ಬರಲು ಒಂದು ಜಾಗ ಉಳಿದಿತ್ತು. ಅಷ್ಟು ಸಾಕಾಯಿತು.

ಸಂರಕ್ಷಣೆ ಎಂದಾಗ ನಮಗೆ ಸಾಮಾನ್ಯವಾಗಿ ತೋರುವುದು, ಒಂದು ವಸ್ತುವನ್ನು ಇದ್ದಂತೆಯೇ ಎಂದೆಂದಿಗೂ ಇಡುವುದು ಎಂದು. ಪೆಟ್ಟಿಗೆಯಲ್ಲಿಟ್ಟ ಒಡವೆಯ ಹಾಗೆ. ಪ್ರಕೃತಿಯನ್ನು ಹಾಗೆ ಇಡಲು ಬರುವುದಿಲ್ಲ. ಮರ ಬೀಳುತ್ತದೆ, ಹೊಳೆ ದಾರಿ ಬದಲಿಸುತ್ತದೆ, ಬುಗ್ಗೆ ಬತ್ತುತ್ತದೆ, ಮತ್ತೆ ಹುಟ್ಟುತ್ತದೆ. ಅದರ ಕೆಲಸ ಅದು ಮಾಡುತ್ತದೆ. ನಮ್ಮ ಕೈಯಿಂದ ಆಗತಕ್ಕ ಹಾನಿ ಆಗದಂತೆ ನೋಡಿಕೊಳ್ಳುವುದಷ್ಟೇ ಕಾವಲುಗಾರನ ಪಾಲಿಗೆ ಬಂದುದು. ಇದು ಚಿಕ್ಕ ಕೆಲಸವೆಂದು ತೋರಬಹುದು. ಆದರೆ ಅದಕ್ಕೆ ಬೇಕಾಗುವ ತಾಳ್ಮೆ ಚಿಕ್ಕದಲ್ಲ. ಅಜ್ಜಿ ಬಂಧನಕ್ಕೆ ಹೋಗಿ ಉಳಿಸಿದ ಕಾಡನ್ನು ಮೊಮ್ಮಗ ಕಾಯುತ್ತಾನೆ. ನೀರು ಬಂದಾಗಲೂ ಕಾಯುತ್ತಾನೆ, ಬಾರದಾಗಲೂ ಕಾಯುತ್ತಾನೆ.

ಆ ದ್ವೀಪಕ್ಕೆ ನೀವಾಗಲಿ ನಾನಾಗಲಿ ಹೋಗುವ ಸಂಭವ ಕಡಿಮೆ. ಹೋಗಲೇಬೇಕಾದುದೂ ಇಲ್ಲ. ಆದರೆ ನಿಮ್ಮ ಊರಿನ ಕೆರೆಯ ಏರಿಯ ಮೇಲೆಯೋ, ಗುಡ್ಡದ ದೇವರ ಬನದ ಅಂಚಿನಲ್ಲಿಯೋ, ಬೇಸಿಗೆಯಲ್ಲಿ ಒಣಗಿದ ಹಳ್ಳದ ಪಕ್ಕದಲ್ಲಿಯೋ ಹಾದುಹೋಗುವಾಗ, ‘ಇದರಲ್ಲಿ ಈಗ ಏನಿದೆ? ಒಣ ನೆಲ ತಾನೆ?’ ಎಂದು ಯಾರಾದರೂ ಹೇಳಿದರೆ, ಬಿಸಿನೀರು ಬತ್ತಿದ ಮೇಲೂ ಆ ದ್ವೀಪವನ್ನು ಬಿಡದೆ ಕಾದವರ ಮಾತನ್ನು ಅವರಿಗೆ ಹೇಳಿರಿ.